ಸಿದ್ಧಲಿಂಗಾಚಾರಿಯ ಗಡಲ್

ನಾನು ಚೆನ್ನಾಜಮ್ಮ. ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ, ಹೆಸರು ಕೂಗೋ ಚೆನ್ನಾಜಮ್ಮನ ಮನೆ ಯಾವುದು ಅಂದರೆ ಬಾಗಿಲ ತನಕ ತಂದು ಬಿಟ್ಟು ಹೋಗುತ್ತಾರೆ. ನಮ್ಮತ್ತೆ ಕೂಗುತ್ತಿದ್ದರು, ಅವರ ಅತ್ತೆ ಕೂಗುತ್ತಿದ್ದರು, ಈಗ ನಾನು. ಈ ವಿದ್ಯೆ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹೋಗುವುದಿಲ್ಲ, ಮನೆಗೆ ಬಂದ ಸೊಸೆಗೇ ಹೋಗುವುದು. ಜಂಬ ಜಾಸ್ತಿ ಇವಳಿಗೆ ಅನ್ನುತ್ತೀರೋ, ಅನ್ನಿ. ಇರೋ ಜಂಬವನ್ನು ಮುಚ್ಚಿಟ್ಟು ಏನು ಮಾಡಲಿ, ಉಪ್ಪಿನಕಾಯಿ ಹಾಕಲೇ?

ನಮ್ಮೂರಲ್ಲಿ ಹರಡಿ ಬಿದ್ದದ್ದು ಏನೇ ಇರಲಿ, ಅದರ ಹೆಸರು ಹಿಡಿದು ಕರೆಯದೆ ಜಾಗ ಬಿಡುವುದಿಲ್ಲ. ಬೇರೆ ಕಡೆಯಿಂದ ಸೊಸೆಯರಾಗಿ ಬಂದ ಹುಡುಗಿಯರಿಗೆ ಮೊದಮೊದಲು ಇದು ತಿಳಿಯುವುದಿಲ್ಲ, ಪಾಪ. ಹಜಾರವನ್ನೆಲ್ಲ ಚೊಕ್ಕಟವಾಗಿ ಗುಡಿಸಿ, ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಗುಡಿಸಿದ್ದೆಲ್ಲ ವಾಪಸ್ಸು ಬಂದು ಮೊದಲಿದ್ದಲ್ಲೇ ಕೂತಿರುತ್ತೆ. ತಪ್ಪು ಹೆಸರು ಕರೆದರಂತೂ ಮುಗಿದೇ ಹೋಯಿತು, ಇದ್ದದ್ದು ಎರಡರಷ್ಟಾಗಿ ಬಿಡುತ್ತೆ. ದಿನಬಳಕೆಯ ಹೆಸರುಗಳು ಮಕ್ಕಳಿಗೂ ಬಾಯಿಪಾಠ. ಮೊರದಿಂದ ಜಾರಿದ ಅಕ್ಕಿಗೆ ಚೆಲ್ಲಾಪಿಲ್ಲಿ. ಹೊಲಿಗೆ ಡಬ್ಬಿಯೊಳಗಿನ ದಾರಕ್ಕೆ ಗೋಜಲು. ಮದುವೆ ಮುಗಿದ ಮಾರನೆಯ ದಿನದ ಮನೆಗೆ ರಂಪ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಬಿಟ್ಟುಹೋದ ಅಟ್ಟಕ್ಕೆ ಅಧ್ವಾನ. ಇವುಗಳಲ್ಲಿ ಯಾವುದಕ್ಕೂ ಬಗ್ಗದ್ದು ಬಂದಾಗ ನನ್ನ ಬಾಗಿಲಿಗೆ ಬರುತ್ತಾರೆ.

ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹಾಡು ಹೇಳಮ್ಮ ಅನ್ನುವುದಿಲ್ಲ. ಹುಡುಗಿಯನ್ನೇ ತಮ್ಮ ಮನೆಗೆ ಕರೆಸಿಕೊಂಡು, ಯಾವುದಾದರೂ ಒಂದು ಮೂಲೆ ತೋರಿಸಿ, ಇದೇನು ಹೇಳು ಅನ್ನುತ್ತಾರೆ. ನಮ್ಮತ್ತೆ ನನ್ನನ್ನು ಹಿತ್ತಲ ಕೊಟ್ಟಿಗೆಗೆ ಕರಕೊಂಡು ಹೋದರು. ಮುರಿದ ಕುರ್ಚಿ, ಹಿಡಿ ಇಲ್ಲದ ಕೊಡಲಿ, ತೂತು ಬಿದ್ದ ಹಂಡೆ, ತಳ ಹೋದ ಬುಟ್ಟಿ. ಬಂದ ನೆಂಟರೆಲ್ಲ ನೋಡುತ್ತಾ ನಿಂತಿದ್ದರು. ನಾನು ಹಂಡೆಯನ್ನೇ ನೋಡಿ, "ಅತ್ತೆ, ಇದರ ಹೆಸರು 'ಆಮೇಲೆ ನೋಡೋಣ'" ಅಂದೆ. ಅಷ್ಟು ಕಾಲ ಅಲ್ಲಾಡದಿದ್ದ ಹಂಡೆ ಮಗ್ಗುಲಿಗೆ ಹೊರಳಿಕೊಂಡಿತು. ನಮ್ಮತ್ತೆ ಹುಡುಗನ ಕಡೆ ತಿರುಗಿ, "ಇವಳನ್ನು ಬಿಟ್ಟರೆ ನೀನು ಬ್ರಹ್ಮಚಾರಿ" ಅಂದರು.

ಆಮೇಲೆ ಅವರು ಕಲಿಸಿದ ಮೊದಲ ಪಾಠ, ಹುಟ್ಟು ತಿಳಿಯದ ಮಾತನ್ನು ಕೂಗಬೇಡ ಅನ್ನುವುದು. ಈ ಮಾತನ್ನು ಮೊದಲು ಯಾರು, ಎಂಥ ಕಡೆ ಆಡಿದರು, ಅಲ್ಲಿಂದ ಇಲ್ಲಿಗೆ ಹೇಗೆ ಬಂತು, ನಮ್ಮೆದುರಿಗೆ ಬಿದ್ದಿರೋದಕ್ಕೆ ಹೇಗೆ ಒಪ್ಪುತ್ತೆ, ಇಷ್ಟೂ ಗೊತ್ತಿರಬೇಕು. ಊರಿಗೆ ಹೊಸದಾದ ಹೆಸರಾದರೆ ಅದನ್ನೆಲ್ಲ ಹತ್ತು ಜನರ ಎದುರಿಗೆ ಬಾಯಿಬಿಟ್ಟು ಹೇಳಬೇಕು. ಅರ್ಧ ಹೇಳಿದರೆ ಅರ್ಧಕ್ಕೇ ನಿಲ್ಲುತ್ತೆ.

ಈಗ ಸಿದ್ಧಲಿಂಗಾಚಾರಿಯ ವಿಷಯಕ್ಕೆ ಬರುತ್ತೇನೆ. ಪೇಟೆ ಬೀದಿಯಲ್ಲಿ ಅವರದು ಹಾರ್ಮೋನಿಯಂ ರಿಪೇರಿ ಅಂಗಡಿ. ನಾಟಕದವರು, ಭಜನೆಯವರು, ಸಂಗೀತದ ಮೇಷ್ಟ್ರುಗಳು ಎಲ್ಲರೂ ಅವರ ಹತ್ತಿರವೇ ಬರಬೇಕು. ಮದುವೆ ಗಿದುವೆ ಅಂತ ಹೋಗದೆ ಆ ಪೆಟ್ಟಿಗೆಗಳನ್ನೇ ಕಟ್ಟಿಕೊಂಡವರು. ಸಿಟ್ಟು ಮೂಗಿನ ತುದಿಯಲ್ಲಿ. ರಿಪೇರಿಗೆ ತಂದ ಪೆಟ್ಟಿಗೆಯನ್ನು ನುಡಿಸಿ ನೋಡಿ, "ಪೆಟ್ಟಿಗೆ ಸರಿಯಾಗಿದೆ ಸ್ವಾಮಿ, ನೀವು ಗಂಟಲು ರಿಪೇರಿ ಮಾಡಿಸಿಕೊಳ್ಳಿ" ಅಂತ ವಾಪಸ್ಸು ಕಳಿಸಿದ್ದೂ ಉಂಟು. ಇಂಥವರ ಅಂಗಡಿ, ಕನ್ನಡಿಯ ಹಾಗೆ ಇದ್ದದ್ದು, ಈ ವರ್ಷ ಮೆಲ್ಲಮೆಲ್ಲಗೆ ಹರಡಿಕೊಳ್ಳತೊಡಗಿತು. ಬಿಚ್ಚಿದ ಪೆಟ್ಟಿಗೆಯ ತಿದಿ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ, ದನಿ ಹೊರಡಿಸುವ ಹಿತ್ತಾಳೆ ರೀಡುಗಳು ನೆಲದ ತುಂಬ. ಜನ ಸಿಕ್ಕಾಪಟ್ಟೆ ಮಾತಾಡಿದರು. ಆಚಾರ್ರಿಗೆ ಸೋಮಾರಿತನ ಬಂತು ಅಂದರು. ಕುಡಿತ ಅಂದವರೂ ಇದ್ದರು.

ಪೇಟೆ ಬೀದಿಗೆ ಒಂದು ಕಟ್ಟಳೆ ಇದೆ. ಅಂಗಡಿಯೊಳಗೆ ಏನಾದರೂ ಬಿದ್ದಿರಲಿ, ಅದು ಹೊಸಿಲು ದಾಟಿ ಬೀದಿಗೆ ಬಂತೋ, ಬರುವ ಸಂತೆಯೊಳಗೆ ಅದನ್ನು ಒಳಕ್ಕೆ ತೆಗೆದುಕೊಳ್ಳಬೇಕು. ಆಗದಿದ್ದರೆ ಅಂಗಡಿ ಬಿಟ್ಟುಕೊಡಬೇಕು. ಇದನ್ನು ನೋಡಿಕೊಳ್ಳುವವರು ಪೇಟೆ ಯಜಮಾನರು ಕೆಂಚೀರಪ್ಪ. ಅವರ ಅಳಿಯನ ಬೇಕರಿ ಆಚಾರ್ರ ಅಂಗಡಿಗೆ ಗೋಡೆ ಹಂಚಿಕೊಂಡೇ ಇದೆ, ಅದನ್ನು ದೊಡ್ಡದು ಮಾಡಬೇಕು ಅಂತ ಅಳಿಯನಿಗೆ ಬಹಳ ದಿನದ ಆಸೆ. ಇದನ್ನು ನಾನು ಹೇಳುತ್ತಿಲ್ಲ, ಊರೇ ಹೇಳುತ್ತೆ.

ಒಂದು ದಿನ ಕೆಂಚೀರಪ್ಪನವರು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದರು. ಕೋಪ ಬಂತು. ಕೋಪದಲ್ಲಿ ನಮ್ಮೂರಿನವರು ಯಾರೂ ಮಾಡಬಾರದ ಕೆಲಸ ಮಾಡಿಬಿಟ್ಟರು. "ಏನ್ರೀ ಆಚಾರ್ರೇ ಇದು, ಕೊಂಪೆ!" ಅಂದರು. ಅಂದಿದ್ದೇ ತಡ, ಅಂಗಡಿ ಗುಡುಗುಡು ಅಂತು. ರೀಡುಗಳು, ಸ್ಕ್ರೂಗಳು, ಕಪ್ಪುಬಿಳಿ ಪಟ್ಟಿಗಳು ಎಲ್ಲವೂ ಉಕ್ಕಿಕೊಂಡು ಹೊಸಿಲು ದಾಟಿ ಯಜಮಾನರ ಚಪ್ಪಲಿಯ ಹತ್ತಿರ ಬಂದು ನಿಂತವು. ತಪ್ಪು ಕರೆದವರು ಅವರು, ಅಂಗಡಿ ಹೋಗುವುದು ಮಾತ್ರ ಆಚಾರ್ರದು. ಎಂಥಾ ನ್ಯಾಯ ನೋಡಿ!

ಆಚಾರ್ರು ನನ್ನ ಮನೆಗೆ ಬರಲಿಲ್ಲ. ಎದುರಂಗಡಿಯ ಹೂವಿನವಳು ಬಂದು ಹೇಳಿದ ಮೇಲೆ ನಾನೇ ಹೋದೆ. ನನ್ನ ಕೆಲಸದ ರೀತಿ ಬೇರೆ. ಹೋದ ಕೂಡಲೇ ಬಿದ್ದದ್ದನ್ನು ನೋಡಿ ಮಾತು ಹುಡುಕುತ್ತಾ ಕೂರುವವಳಲ್ಲ ನಾನು. ಬಿದ್ದದ್ದರ ನಡುವೆ ಓಡಾಡುವ ಮನುಷ್ಯನನ್ನು ನೋಡುತ್ತೇನೆ. ಅವನು ಎಲ್ಲಿ ಕಾಲಿಡುತ್ತಾನೆ, ಎಲ್ಲಿ ಸುಮ್ಮನಾಗುತ್ತಾನೆ, ಯಾವುದನ್ನು ಕಂಡರೆ ಮುಖ ತಿರುಗಿಸುತ್ತಾನೆ. ಹಾಗಾಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಎಲೆಅಡಿಕೆ ಬಿಚ್ಚಿದೆ.

"ಬಂದ್ರಾ ಚೆನ್ನಾಜಮ್ಮ? ನಾನೇನೂ ಕರೀಲಿಲ್ಲವಲ್ಲ" ಅಂದರು ಆಚಾರ್ರು.

"ಕರೀದೇ ಬರೋದು ನನಗೆ ಅಭ್ಯಾಸ. ನಿಮ್ಮ ಕೆಲಸ ನೀವು ನೋಡಿಕೊಳ್ಳಿ."

ಅವರು ಒಂದು ಪೆಟ್ಟಿಗೆ ಮುಂದಿಟ್ಟುಕೊಂಡು ಸ್ಕ್ರೂಡ್ರೈವರು ಹುಡುಕಿದರು. ಮುಖ ಬಾಗಿಲ ಕಡೆ ಇತ್ತು, ಕೈ ಹಲಗೆಯ ಮೇಲೆ ಹರಿದಾಡುತ್ತಿತ್ತು. ಬೆರಳು ತಗುಲಿ ಒಂದು ಡಬ್ಬಿ ಉರುಳಿತು, ಅದರೊಳಗಿನ ಸ್ಪ್ರಿಂಗುಗಳು ನೆಲದ ಪಾಲಾದವು. ನಾನು ಏನೂ ಮಾತಾಡದೆ, ಮಡಿಸಿದ ಎಲೆಯನ್ನು ಅವರ ಮೂಗಿನ ಮುಂದೆ ಹಿಡಿದೆ. ತಗೊಳ್ಳಲಿಲ್ಲ. ಇನ್ನಷ್ಟು ಹೊತ್ತು ಹಿಡಿದೇ ಇದ್ದೆ. ಅವರು ನನ್ನ ಕೈ ಅಡ್ಡವೇ ಇಲ್ಲದ ಹಾಗೆ ಬೀದಿಯನ್ನು ನೋಡುತ್ತಾ ಕೂತಿದ್ದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಆಚಾರ್ರೇ, ಯಾವಾಗಿನಿಂದ?"

"ಯಾವುದು ಯಾವಾಗಿನಿಂದ?"

"ನನ್ನ ಹತ್ರ ಆಟ ಆಡಬೇಡಿ."

ಅವರು ಮುಂದಿದ್ದ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಬೀದಿಗೆ ಕೇಳದ ಹಾಗೆ ಹೇಳಿದರು. "ಹೋದ ದೀಪಾವಳಿಗೆ ಮಬ್ಬು ಶುರುವಾಯ್ತು. ಈಗ ಬೆಳಕು ಇರೋದ್ರಿಂದ ಬಾಗಿಲು ಎಲ್ಲಿ ಅಂತ ತಿಳಿಯುತ್ತೆ, ಅಷ್ಟೇ. ಡಾಕ್ಟರ ಹತ್ರ ಹೋಗಿದ್ದೆ. ನರ ಒಣಗಿದೆ, ಹೋದದ್ದು ಬರಲ್ಲ ಅಂದ್ರು. ಚೆನ್ನಾಜಮ್ಮ, ಯಾರಿಗೂ ಹೇಳಬೇಡಿ. ನಿಮ್ಮ ದಮ್ಮಯ್ಯ. ಕುರುಡನ ಕೈಗೆ ಯಾರು ಪೆಟ್ಟಿಗೆ ಕೊಡ್ತಾರೆ?"

"ಕೈ ನಡೀತಿದೆಯಾ?"

ಅವರು ಒಂದು ರೀಡು ಎತ್ತಿ ತುಟಿಗೆ ಹಿಡಿದು ಊದಿದರು. ಮುಖ ಗಂಟಿಕ್ಕಿದರು. ಅರದಿಂದ ತುದಿಯನ್ನು ಒಂದಿಷ್ಟು ಉಜ್ಜಿ ಮತ್ತೆ ಊದಿದರು. ಸಂಗೀತ ನನಗೆ ಅಷ್ಟಕ್ಕಷ್ಟೇ, ಆದರೂ ಆ ದನಿ ಎದೆಗೆ ಬಂದು ಕೂತಿತು. ಕೈಗೆ ಏನೂ ಆಗಿರಲಿಲ್ಲ. ಇಟ್ಟದ್ದನ್ನು ಹುಡುಕುವುದೇ ಅವರಿಗೆ ದೊಡ್ಡ ಕಷ್ಟವಾಗಿತ್ತು. ಹುಡುಕಿದಷ್ಟೂ ಚದುರುತ್ತಿತ್ತು, ಚದುರಿದಷ್ಟೂ ಹುಡುಕಬೇಕಾಗಿತ್ತು. ಯಾರಾದರೂ ಬಂದರೆ ಕಾಣುವವರ ಹಾಗೆ ಗತ್ತಿನಿಂದ ಕೂರಬೇಕು ಬೇರೆ. ಹೇಳುವುದಿಲ್ಲ ಅಂತ ಮಾತು ಕೊಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ಕಣ್ಣೀರು ಬಂತು, ನಾಚಿಕೆ ಯಾಕೆ.

ಮನೆಗೆ ಬಂದು ನನಗೆ ಗೊತ್ತಿರೋ ಮಾತುಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲೇ ತೂಗಿ ನೋಡಿದೆ. ಗಲೀಜು ಅಲ್ಲ, ಅಲ್ಲಿ ಕೊಳೆ ಇಲ್ಲ. ಚೆಲ್ಲಾಪಿಲ್ಲಿ ಅಲ್ಲ, ಯಾವುದೂ ಕೈಜಾರಿ ಸುಮ್ಮನೆ ಬಿದ್ದದ್ದಲ್ಲ. ಅಡ್ಡಾದಿಡ್ಡಿ, ಅಸ್ತವ್ಯಸ್ತ, ಕಲಸುಮೇಲೋಗರ, ಯಾವುದನ್ನು ಹಿಡಿದರೂ ಮಾಡಿದವನ ಮೇಲೆ ಒಂದು ಬೈಗುಳ ಒಳಗೇ ಇದೆ. ತಡಕಾಟ ಅನ್ನೋದು ಹತ್ತಿರ ಬಂತು. ಆದರೆ ತಡಕಾಟ ಅಂದರೆ ಮಾಡುವ ಕೆಲಸ, ಮಾಡಿದ ಮೇಲೆ ಹಿಂದೆ ಉಳಿದದ್ದಕ್ಕೆ ಅದು ಹೆಸರಲ್ಲ. ತಪ್ಪಿದರೆ ಅಂಗಡಿ ಬೀದಿಯ ಆ ತುದಿಯ ತನಕ ಹರಿಯುತ್ತೆ, ಆಚಾರ್ರ ಬಾಳು ಮುಗಿಯುತ್ತೆ. ಅತ್ತೆಯ ಫೋಟೋ ಮುಂದೆ ನಿಂತು ಜಗಳವಾಡಿದೆ. ಇಷ್ಟು ಮಾತು ಕಲಿಸಿದಿರಿ, ಇದೊಂದು ಯಾಕೆ ಬಿಟ್ಟಿರಿ ಅಂತ.

ಕೊನೆಗೆ ಫ್ಲೋರಾ ಟೀಚರ ಮನೆಗೆ ಹೋದೆ. ಚರ್ಚಿನ ಹಿಂದಿನ ಬೀದಿ. ನಮ್ಮೂರಿನ ಅರ್ಧ ಜನಕ್ಕೆ ಇಂಗ್ಲಿಷು ಕಲಿಸಿದವರು, ಇನ್ನರ್ಧಕ್ಕೆ ಇಂಗ್ಲಿಷಿನ ಭಯ ಕಲಿಸಿದವರು.

"ಚೆನ್ನಾಜಮ್ಮ ನಮ್ಮನೆಗೆ! ಇವತ್ತು ಮಳೆ ಗ್ಯಾರಂಟಿ" ಅಂತ ನಕ್ಕು ಟೀ ತಂದಿಟ್ಟರು.

ಯಾರದು ಅಂತ ಹೇಳದೆ ಬಿದ್ದಿರುವುದು ಎಂಥದ್ದು ಅಂತ ಮಾತ್ರ ಹೇಳಿದೆ. ಕೇಳುವಾಗ ನನ್ನ ಮಾನ ಹೋದ ಹಾಗೇ ಆಯಿತು. ಮೂರು ತಲೆಮಾರಿನಿಂದ ನಮ್ಮ ಮನೆಯವರು ಯಾರ ಹತ್ತಿರವೂ ಮಾತು ಕೇಳಿ ತಂದವರಲ್ಲ. ಟೀಚರಿಗೆ ಅದು ತಿಳಿಯಿತು ಅಂತ ಕಾಣುತ್ತೆ. "ನೀವು ದಿನಾ ಕೂಗ್ತೀರಲ್ಲ, ಗಲೀಜು, ಅದೇನು ನಿಮ್ಮ ಹಿತ್ತಲಲ್ಲಿ ಬೆಳೆದದ್ದಾ? ಅರಬ್ಬಿ ಪಾರಸಿ ದಾಟಿಕೊಂಡು ಬಂದದ್ದು ಅದು. ಕುಡೀರಿ ಟೀ" ಅಂದರು. ಮೊದಲು ಕ್ಲಟರ್ ಅಂದರು. ಅದರ ಹುಟ್ಟು ಹೆಪ್ಪುಗಟ್ಟುವುದರಲ್ಲಿದೆಯಂತೆ, ಒಂದಕ್ಕೊಂದು ಅಂಟಿ ಗಡ್ಡೆಯಾದದ್ದು. ನಾನು ತಲೆ ಅಲ್ಲಾಡಿಸಿದೆ. ಇಲ್ಲಿ ಯಾವುದೂ ಅಂಟಿಲ್ಲ ಟೀಚರ್, ಬಿಟ್ಟುಹೋಗಿದೆ ಅಂದೆ. ಅವರು ಇನ್ನೊಂದೆರಡು ಮಾತು ಬಾಯಲ್ಲೇ ಆಡಿ ನೋಡಿ ಬಿಟ್ಟರು. ಆಮೇಲೆ ಇದ್ದಕ್ಕಿದ್ದ ಹಾಗೆ ಚಿಕ್ಕ ಹುಡುಗಿಯ ಹಾಗೆ ನಕ್ಕರು.

"ನಾನು ಓದಿದ ಶಾಲೆಯಲ್ಲಿ ನಮ್ಮ ಹೆಡ್‌ಮಿಸ್ಸು ಸ್ಕಾಟ್ಲೆಂಡಿನ ಕಡೆಯವರು. ನನ್ನ ಡೆಸ್ಕಿನ ಮುಚ್ಚಳ ತೆಗೆದು ನೋಡಿದಾಗೆಲ್ಲ ಒಂದೇ ಮಾತು, ಗಡಲ್! ಏನೇ ಇದು ಗಡಲ್! ಬೇರೆ ಇಂಗ್ಲಿಷಿನವರು ಅಷ್ಟಾಗಿ ಆಡದ ಮಾತು ಅದು, ಅವರ ಗುಡ್ಡದ ಕಡೆಯದ್ದು. ಹಾಗಂದ್ರೇನು ಮಿಸ್ ಅಂತ ಒಂದು ದಿನ ಕೇಳಿದೆ. ಅವರು ಅಂಗಿಯ ತೋಳು ಮೇಲಕ್ಕೆ ಮಡಿಸಿ ನೆಲದ ಮೇಲೆ ಅಡ್ಡಬಿದ್ದು ತೋರಿಸಿದ್ರು, ಗೊತ್ತಾ? ಹಳ್ಳದ ದಡದಲ್ಲಿ ಹೊಟ್ಟೆ ಮೇಲೆ ಮಲಗಿ, ನೀರೊಳಗಿನ ಕಲ್ಲಿನಡಿಗೆ ಕೈ ಹಾಕಿ, ಮೀನನ್ನು ಬರೀ ಕೈಯಲ್ಲಿ ಹುಡುಕೋದು. ಗಾಳ ಇಲ್ಲ, ಬಲೆ ಇಲ್ಲ. ಕಲ್ಲಿನಡಿ ಏನೂ ಕಾಣಲ್ಲ. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ, ಎಲ್ಲಾ ಬೆರಳಿನದೇ. ಹಾಗೆ ಹುಡುಕುವಾಗ ತಳದ ಕೆಸರೆದ್ದು ನೀರೆಲ್ಲ ರಾಡಿಯಾಗುತ್ತಲ್ಲ, ಆ ಮಾತೇ ಬೆಳೀತಾ ಬೆಳೀತಾ ಹರಡಿ ಬಿದ್ದದ್ದಕ್ಕೂ ಹೆಸರಾಯ್ತು ಅಂತ ಅವರು ಹೇಳ್ತಿದ್ರು. ಅದಕ್ಕೂ ಹಿಂದೆ ಎಲ್ಲಿತ್ತು ಅಂತ ದೊಡ್ಡ ದೊಡ್ಡ ಪಂಡಿತರಿಗೂ ಗೊತ್ತಿಲ್ಲವಂತೆ."

ನಾನು ಟೀ ಲೋಟ ಕೆಳಗಿಟ್ಟೆ. "ಇನ್ನೊಂದು ಸಲ ಹೇಳಿ ಟೀಚರ್."

"ಗಡಲ್. ಕೊನೆಯದನ್ನ ಪೂರ್ತಿ ಬಿಡಬೇಡಿ, ಸ್ವಲ್ಪ ನುಂಗಿಕೊಳ್ಳಿ."

ಈ ವಯಸ್ಸಿನಲ್ಲಿ ಮಗ್ಗಿ ಒಪ್ಪಿಸುವವಳ ಹಾಗೆ ಕೂತು ಒಪ್ಪಿಸಿದೆ. ಅಲ್ಲಿಂದ ನೇರ ಆಚಾರ್ರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೇಳಿ ತಲೆ ತಗ್ಗಿಸಿದರು.

"ಮಾತು ಸರಿಯಾಗಿದೆ. ಹುಟ್ಟು ಹೇಳುವಾಗ ಮೀನಿನ ತನಕ ಹೇಳಿ. ಅಲ್ಲಿಗೆ ನಿಲ್ಲಿಸಿ."

"ನಿಲ್ಲಿಸಿದರೆ ಬಗ್ಗಲಿಕ್ಕಿಲ್ಲ ಆಚಾರ್ರೇ."

"ನಿಲ್ಲಿಸಿ ಅಂದೆನಲ್ಲ!" ಅಂತ ಗುಡುಗಿದರು. ಆಮೇಲೆ ಮೆತ್ತಗೆ, "ನಿಲ್ಲಿಸಿ ತಾಯಿ" ಅಂದರು.

ಸಂತೆಯ ದಿನ ಬಂತು. ಪೇಟೆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ತರಕಾರಿ ತೂಗುವುದನ್ನು ಬಿಟ್ಟು ಬಂದವರೇ ಎಷ್ಟೋ ಜನ. ಕೆಂಚೀರಪ್ಪನವರು ಗರಿಗರಿ ಪಂಚೆಯುಟ್ಟು ಮುಂದೆ ನಿಂತಿದ್ದರು. ಅಳಿಯ ಗೋಡೆಯ ಪಕ್ಕದಲ್ಲಿ ಅಳತೆ ಟೇಪು ಹಿಡಿದೇ ನಿಂತಿದ್ದ, ನಾಚಿಕೆಗೆಟ್ಟವನು. ಫ್ಲೋರಾ ಟೀಚರೂ ಛತ್ರಿ ಹಿಡಿದು ಬಂದಿದ್ದರು. ಆಚಾರ್ರು ಒಳಗೆ, ಪೆಟ್ಟಿಗೆಯ ಮುಂದೆ, ಬೀದಿ ನೋಡುವವರ ಹಾಗೆ ಮುಖ ಮಾಡಿಕೊಂಡು ಕೂತಿದ್ದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸಿಲ ಹೊರಗೆ ನಿಂತು ಗಂಟಲು ಬಿಚ್ಚಿ ಕೂಗಿದೆ. "ಗಡಲ್!"

ಜನ ಮುಖಮುಖ ನೋಡಿಕೊಂಡರು. ರೀಡುಗಳು ಒಂದು ಸಲ ಕಿಣಿಕಿಣಿ ಅಂದವು. ಉಕ್ಕಲಿಲ್ಲ. ನನಗೆ ಜೀವ ಬಂದ ಹಾಗಾಯಿತು. ಹಳ್ಳದ ಕಥೆ ಹೇಳಿದೆ, ಕಲ್ಲಿನ ಕಥೆ ಹೇಳಿದೆ, ಬರಿಗೈಯಲ್ಲಿ ಮೀನು ಹುಡುಕುವ ಗುಡ್ಡದವರ ಕಥೆ ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ. ಬಗ್ಗಿ ಒಂದು ಸ್ಕ್ರೂ ಎತ್ತಿ ಒಳಗೆ ಹಾಕಿದೆ. ಅದು ಟಕ್ ಅಂತ ಹೊರಗೇ ಬಂದು ಬಿತ್ತು.

"ಅಲ್ಲಮ್ಮ ಚೆನ್ನಾಜಮ್ಮ, ಮೀನಿಗೂ ಹಾರ್ಮೋನಿಯಮ್ಮಿಗೂ ಏನು ಸಂಬಂಧ?" ಅಂದರು ಕೆಂಚೀರಪ್ಪ. ಜನ ಗೊಳ್ಳೆಂದು ನಕ್ಕರು. "ಇಲ್ಲಿ ಹಳ್ಳ ಎಲ್ಲಿದೆ? ಇಲ್ಲಿ ಯಾರು ಏನು ಹುಡುಕಿದರು? ಪೂರ್ತಿ ಹೇಳು. ಇಲ್ಲವೋ, ಕೂಗೋಕೆ ಬರಲ್ಲ ಅಂತ ಒಪ್ಪಿಕೋ."

ಕೂಗೋಕೆ ಬರಲ್ಲವಂತೆ! ನನಗೆ! ಮಾತು ನಾಲಗೆಯ ತುದಿಯಲ್ಲೇ ಇತ್ತು, ಒಂದು ಉಸಿರಿನಷ್ಟು ದೂರ. ಹಲ್ಲು ಕಚ್ಚಿ ತಡೆದುಕೊಂಡೆ. ನಮ್ಮತ್ತೆಯ ಹೆಸರು, ಅವರತ್ತೆಯ ಹೆಸರು ಬೀದಿಯಲ್ಲಿ ಹೋದರೆ ಹೋಗಲಿ, ಕೊಟ್ಟ ಮಾತು ಕೊಟ್ಟದ್ದೇ ಅಂತ ನಿಂತೆ. ಅಳಿಯ ಟೇಪಿನ ಒಂದು ತುದಿಯನ್ನು ಆಚಾರ್ರ ಗೋಡೆಗೆ ಒತ್ತಿದ. ಆ ಸದ್ದು ಒಳಗೆ ಕೇಳಿಸಿತೋ ಏನೋ.

ಆಚಾರ್ರು ಎದ್ದರು. ಗತ್ತಿನಿಂದ ನಡೆಯುವುದನ್ನು ಬಿಟ್ಟು, ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದನ್ನು ಮುಂದೆ ಚಾಚಿ, ಹೆಜ್ಜೆ ತಡವುತ್ತಾ ಹೊಸಿಲ ಹತ್ತಿರ ಬಂದರು. ನಗುತ್ತಿದ್ದ ಬೀದಿ ಆ ನಡಿಗೆ ಕಂಡೇ ತೆಪ್ಪಗಾಯಿತು.

"ಅವರು ಹೇಳಲ್ಲ. ನನಗೆ ಮಾತು ಕೊಟ್ಟಿದ್ದಾರೆ" ಅಂದರು. "ನಾನು ಹೇಳ್ತೀನಿ. ನನಗೆ ಕಣ್ಣು ಕಾಣಲ್ಲ. ಹೋದ ದೀಪಾವಳಿಯಿಂದ ಕಾಣಲ್ಲ. ನಿಮ್ಮ ಪೆಟ್ಟಿಗೆಗಳನ್ನೆಲ್ಲ ನಾನು ಕೈಯಲ್ಲೇ ಹುಡುಕಿ, ಕೈಯಲ್ಲೇ ಸರಿಮಾಡಿ ಕೊಟ್ಟಿದ್ದೀನಿ. ಹುಡುಕಿದಾಗ ಚೆಲ್ಲಿದ್ದು ಇದು. ಕುಡಿದು ಚೆಲ್ಲಿದ್ದಲ್ಲ, ಸೋಮಾರಿತನಕ್ಕೆ ಚೆಲ್ಲಿದ್ದಲ್ಲ. ಭಜನೆ ಮಂಡಳಿಯವರು ಇದ್ದೀರಾ ಇಲ್ಲಿ? ಯುಗಾದಿಗೆ ಕೊಟ್ಟ ಪೆಟ್ಟಿಗೆಯಲ್ಲಿ ಒಂದು ಸ್ವರ ತಪ್ಪಿದೆಯಾ? ಹೇಳಿ!"

ಗುಂಪಿನಿಂದ ಯಾರೋ, "ಇಲ್ಲ ಆಚಾರ್ರೇ, ಬಂಗಾರದ ಹಾಗಿದೆ" ಅಂದರು.

ಅಷ್ಟು ಹೊತ್ತಿಗೆ ಅಂಗಡಿಯೊಳಗಿಂದ ಒಂದು ನಿಟ್ಟುಸಿರು ಬಂತು. ತಿದಿಗಳು ಮೆಲ್ಲಗೆ ಮುಚ್ಚಿಕೊಂಡವು. ಬೀದಿಗೆ ಬಂದಿದ್ದ ರೀಡುಗಳೆಲ್ಲ ಹೊಳಪು ಮೇಲೆ ಮಾಡಿಕೊಂಡು ತೆಪ್ಪಗೆ ಮಲಗಿದವು. ನಾನು ಅದೇ ಸ್ಕ್ರೂ ಎತ್ತಿ ಒಳಗಿಟ್ಟೆ, ಅಲ್ಲೇ ನಿಂತಿತು. ಹೂವಿನವಳು ಪೊರಕೆ ತಂದಳು, ಬುಟ್ಟಿ ಹಿಡಿದು ನಾಲ್ಕಾರು ಜನ ಮುಂದೆ ಬಂದರು.

"ಯಾರೂ ಮುಟ್ಟಬೇಡಿ" ಅಂದರು ಆಚಾರ್ರು. ಪಂಚೆ ಮೇಲೆ ಕಟ್ಟಿ, ನಡುಹಗಲಲ್ಲಿ, ಊರಿಗೆ ಊರೇ ನೋಡುತ್ತಿದ್ದ ಬೀದಿಯಲ್ಲಿ ಮೊಣಕಾಲೂರಿದರು. ಎರಡೂ ಕೈಯನ್ನು ಮಣ್ಣಿನ ಮೇಲೆ ಹರಡಿ ಹುಡುಕತೊಡಗಿದರು. ಒಂದೊಂದು ರೀಡು ಸಿಕ್ಕಾಗಲೂ ತುಟಿಗೆ ಹಿಡಿದು ಊದುವುದು, ದನಿ ಕೇಳುವುದು, ಮಡಿಲಲ್ಲಿ ಅದರದರ ಸಾಲಿಗೆ ಇಡುವುದು. ಷಡ್ಜಕ್ಕೆ ಷಡ್ಜ, ಪಂಚಮಕ್ಕೆ ಪಂಚಮ. ಬೀದಿಯಲ್ಲಿ ಆ ದನಿ ಬಿಟ್ಟು ಬೇರೆ ಸದ್ದಿಲ್ಲ. ಫ್ಲೋರಾ ಟೀಚರು ಛತ್ರಿ ಮಡಿಸಿ ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ತಲೆಯೆತ್ತಿ ನಿಂತಿದ್ದೆ. ಈ ಹೆಸರು ಕರೆದವಳು ನಾನು, ಇದನ್ನು ಮಾಡಿದವರು ಇವರು, ನೋಡಿಕೊಳ್ಳಿ ಅಂತ ನಿಂತಿದ್ದೆ.

ಕೊನೆಗೆ ಆಚಾರ್ರು ಮಡಿಲಿನ ಸಾಲಿನ ಮೇಲೆ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಮತ್ತೆ ನೆಲ ತಡವಿದರು, ಎಡಕ್ಕೆ, ಬಲಕ್ಕೆ, ಮುಂದಕ್ಕೆ. ಕೈ ಒಂದು ಚಪ್ಪಲಿಗೆ ತಗುಲಿತು. ತಲೆಯೆತ್ತಿದರು.

"ಯಜಮಾನ್ರೇ, ಸ್ವಲ್ಪ ಕಾಲು ತೆಗೀರಿ. ನೀವು ನನ್ನ ಧೈವತದ ಮೇಲೆ ನಿಂತಿದ್ದೀರಿ."

ಕೆಂಚೀರಪ್ಪನವರು ಬಗ್ಗಿ ನೋಡಿದರು. ಚಪ್ಪಲಿಯನ್ನು ಪಕ್ಕಕ್ಕೆ ಕಳಚಿಟ್ಟು, ಬರಿಗಾಲಲ್ಲಿ ಹಿಂದಕ್ಕೆ ಸರಿದರು.